ರಕ್ತ ಯಾರ ಮೂತಿಯಲ್ಲಿತ್ತು

ಎರಡು ವರ್ಷದ ಹಿಂದೆ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫೋಟೊ ಕಳಿಸಿದ್ದೆ. ನಡುವೆ ಸತ್ತುಬಿದ್ದ ವಿಲ್ಡೆಬೀಸ್ಟ್ ಎಂಬ ದನದಂಥ ದೊಡ್ಡ ಹುಲ್ಲೆ, ಅದರ ಪಕ್ಕೆಗೆ ಮುಖವಿಟ್ಟ ಮೂರು ಸಿಂಹಗಳು, ತುಸು ಆಚೆ ಹುಲ್ಲಿನಲ್ಲಿ ಕುಳಿತ ಎಂಟು ಕತ್ತೆಕಿರುಬಗಳು. ಕೆಳಗೆ ‘ರಾಜರ ಊಟ, ಕಳ್ಳರ ಕಾವಲು’ ಎಂದು ಬರೆದಿದ್ದೆ. ಸಾಲು ನನಗೇ ಬಹಳ ಹಿಡಿಸಿತ್ತು. ಚಿಕ್ಕಪ್ಪ ಚಪ್ಪಾಳೆಯ ಚಿತ್ರ ಹಾಕಿದರು, ಅತ್ತಿಗೆ ಮೂಗು ಮುಚ್ಚಿಕೊಂಡ ಮುಖ ಹಾಕಿದರು, ಅಣ್ಣ ಎಂದಿನಂತೆ ‘ಊಟ ಆಯಿತಾ’ ಎಂದು ಕೇಳಿದ.

ಆ ಸಾಲು ಪೂರ್ತಿ ತಲೆಕೆಳಗಾಗಿತ್ತು. ಕಳಿಸಿದ ಹತ್ತೇ ನಿಮಿಷಕ್ಕೆ ನನಗದು ಗೊತ್ತಾಯಿತು. ಆದರೆ ಬಿದ್ದ ಚಪ್ಪಾಳೆಯನ್ನು ಹಿಂದಕ್ಕೆ ಕೊಡುವ ಮನಸ್ಸಾಗಲಿಲ್ಲ.

ನಾನು ಕೊಪ್ಪಳ ಜಿಲ್ಲೆಯವನು. ಟಾಂಜಾನಿಯಾದ ಅರೂಷಾ ಊರಿನ ಹೊರಗೆ ಒಂದು ಗುಲಾಬಿ ತೋಟದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಇಲ್ಲಿಗೆ ಬಂದ ಮೊದಲ ನಾಲ್ಕು ವರ್ಷ ಒಂದು ಪ್ರಾಣಿಯನ್ನೂ ನೋಡಲು ಹೋಗಿರಲಿಲ್ಲ. ಊರಿನಿಂದ ಫೋನ್ ಮಾಡಿದವರೆಲ್ಲ ‘ಸಿಂಹ ನೋಡಿದೆಯಾ’ ಎಂದು ಕೇಳಿ ಕೇಳಿ ಕೊನೆಗೆ ಮೂವರು ಸಹೋದ್ಯೋಗಿಗಳ ಜೊತೆ ಬಾಡಿಗೆಯ ಲ್ಯಾಂಡ್ ಕ್ರೂಸರ್ ಹಂಚಿಕೊಂಡು ಗೊರೊಂಗೊರೊ ಕುಳಿಗೆ ಹೋದೆ. ಈ ಹೆಸರಿನ ಮೊದಲಿಗೆ ಮೂಗಿನಲ್ಲೇ ಉಳಿಯುವ ಒಂದು ‘ಙ್’ ಇದೆ. ಒಂದನೆಯ ತರಗತಿಯಲ್ಲಿ ತಿದ್ದಿ ಆಮೇಲೆ ಎಂದೂ ಮುಟ್ಟದ ಆ ಅಕ್ಷರಕ್ಕೆ ನನ್ನ ಜೀವನದಲ್ಲಿ ಕೆಲಸ ಸಿಕ್ಕಿದ್ದು ಇಲ್ಲೇ. ಬರೆಯುವಾಗ ಮಾತ್ರ ಬಿಟ್ಟುಬಿಡುತ್ತೇನೆ, ಓದುವವರ ಮೇಲೆ ಕರುಣೆಯಿಂದ.

ಕುಳಿ ಎಂದರೆ ಒಳಕ್ಕೆ ಕುಸಿದ ಹಳೆಯ ಜ್ವಾಲಾಮುಖಿ. ಸುಮಾರು 260 ಚದರ ಕಿಲೋಮೀಟರ್ ತಳ, ಸುತ್ತಲೂ 600 ಮೀಟರ್ ಎತ್ತರದ ಗೋಡೆ. ಬೆಳಗಿನ ಆರಕ್ಕೆ ಗೇಟು ತೆರೆಯುತ್ತಾರೆ, ಸಂಜೆ ಆರರೊಳಗೆ ಎಲ್ಲರೂ ಮೇಲಕ್ಕೆ ಹತ್ತಿರಬೇಕು. ಅಂದರೆ ಪ್ರವಾಸಿಗೆ ರಾತ್ರಿ ಎಂಬುದೇ ಸಿಗುವುದಿಲ್ಲ. ಈ ವೇಳಾಪಟ್ಟಿಯನ್ನು ನೆನಪಿಟ್ಟುಕೊಳ್ಳಿ, ನನ್ನ ತಪ್ಪಿನ ಬೇರು ಅಲ್ಲಿದೆ.

ಮಂಜು ಹರಿದು ತಳ ಕಾಣುವಾಗ ಏಳು ಗಂಟೆ ದಾಟಿತ್ತು. ಐದಾರು ಗಾಡಿಗಳು ಒಂದೆಡೆ ನಿಂತಿದ್ದವು. ನಾವೂ ನಿಂತೆವು, ನಾನು ಫೋಟೊ ತೆಗೆದೆ, ಬಂದು ಹೋಗುವ ನೆಟ್‌ವರ್ಕ್ ಬಂದ ಗಳಿಗೆಯಲ್ಲಿ ಕಳಿಸಿಯೂ ಬಿಟ್ಟೆ. ಆಗ ನಮ್ಮ ಚಾಲಕ ಎಂಜಿನ್ ಆರಿಸಿ ಕೇಳಿದ: ‘ನಾನಿ ಅಲಿಊವಾ?’ ಸ್ವಾಹಿಲಿಯಲ್ಲಿ ‘ನಾನಿ’ ಎಂದರೆ ‘ಯಾರು’. ಕೊಂದದ್ದು ಯಾರು?

ಸಿಂಹ, ಮತ್ತೆ ಯಾರು ಎಂದೆವು.

ಅವನು ದುರ್ಬೀನನ್ನು ನನ್ನ ಕೈಗಿಟ್ಟು, ಮೊದಲು ಫಿಸಿಯ ಕುತ್ತಿಗೆ ನೋಡು ಎಂದ. ಫಿಸಿ ಎಂದರೆ ಕತ್ತೆಕಿರುಬ. ನೋಡಿದೆ. ಎಂಟರಲ್ಲಿ ಐದರ ಮುಖ, ಕಿವಿಯ ಹಿಂಭಾಗ, ಕುತ್ತಿಗೆ, ಭುಜದವರೆಗೆ ರಕ್ತ. ಹಸಿ ಕೆಂಪಲ್ಲ, ಒಣಗಿ ಕಂದುಗಟ್ಟಿದ, ಕೂದಲು ಮುದ್ದೆಗಟ್ಟಿಸಿದ ರಕ್ತ. ಹೊಟ್ಟೆಗಳು ಕೆಳಕ್ಕೆ ಜೋತಿದ್ದವು. ಒಂದಂತೂ ಮುಂಗಾಲನ್ನು ನೆಕ್ಕುತ್ತಾ ನಮ್ಮ ಮಠದ ಊಟ ಮುಗಿಸಿದ ಹಿರಿಯರ ಹಾಗೆ ಕಣ್ಣು ಅರೆ ಮುಚ್ಚಿತ್ತು. ಈಗ ಸಿಂಹ ನೋಡು ಎಂದ. ತುಟಿಯ ಸುತ್ತ ಮಾತ್ರ ಗುಲಾಬಿ ಬಣ್ಣ, ಹೊಟ್ಟೆ ಇನ್ನೂ ಬೆನ್ನಿಗೆ ಹತ್ತಿತ್ತು. ಈಗ ಸತ್ತದ್ದರ ಗಂಟಲು ನೋಡು ಎಂದ. ಗಂಟಲಿನ ಚರ್ಮ ಹಾಗೆಯೇ ಇತ್ತು. ಸಿಂಹವು ದೊಡ್ಡ ಪ್ರಾಣಿಯನ್ನು ಸಾಮಾನ್ಯವಾಗಿ ಗಂಟಲು ಅಥವಾ ಮೂತಿ ಅದುಮಿ ಉಸಿರು ಕಟ್ಟಿಸಿ ಕೊಲ್ಲುತ್ತದೆ. ಕತ್ತೆಕಿರುಬಗಳಿಗೆ ಅಷ್ಟು ತಾಳ್ಮೆಯಿಲ್ಲ. ಓಡಿಸಿ ಓಡಿಸಿ ನಿಲ್ಲಿಸಿ, ಹೊಟ್ಟೆಯ ಕಡೆಯಿಂದ ಹರಿದು, ಅದು ಬೀಳುವ ಮೊದಲೇ ತಿನ್ನತೊಡಗುತ್ತವೆ. ಇದರ ಹಿಂಭಾಗ, ಹೊಟ್ಟೆ ಎರಡೂ ಇರಲಿಲ್ಲ.

ಇರುಳಿನಲ್ಲಿ ಎಂಟು ಜನ ಕಷ್ಟಪಟ್ಟು ಮಾಡಿದ ಅಡುಗೆ. ಬೆಳಗಿನ ಜಾವ ಮೂವರು ಬಂದು ಎಲೆ ಕಸಿದುಕೊಂಡಿದ್ದರು. ಪ್ರವಾಸಿಗಳಾದ ನಾವು ಏಳು ಗಂಟೆಗೆ ಬಂದು, ಕಸಿದುಕೊಂಡವರಿಗೆ ಕಿರೀಟ ಇಟ್ಟು, ಬೇಯಿಸಿದವರನ್ನು ಕಳ್ಳರೆಂದು ಬರೆದು ಊರಿಗೆಲ್ಲ ಕಳಿಸಿದ್ದೆವು.

ಇದೇನೂ ನಮ್ಮ ಚಾಲಕನ ಹೊಸ ಶೋಧವಲ್ಲ, ಅವನೇ ಹೇಳಿದ. ಡಚ್ ಮೂಲದ ಪ್ರಾಣಿಶಾಸ್ತ್ರಜ್ಞ ಹ್ಯಾನ್ಸ್ ಕ್ರೂಕ್ 1964ರಲ್ಲಿ ಪಕ್ಕದ ಸೆರೆಂಗೆಟಿ ಹುಲ್ಲುಬಯಲಿಗೆ ಬಂದು, ಬೆಳದಿಂಗಳಿನಲ್ಲಿ ಗಾಡಿ ಓಡಿಸಿಕೊಂಡು ಕತ್ತೆಕಿರುಬಗಳ ಬೆನ್ನು ಹತ್ತಿದ. ಈ ಕುಳಿಯೂ ಅವನು ರಾತ್ರಿಗಳನ್ನು ಕಳೆದ ಜಾಗ. ಹೆಣ ತಿನ್ನುವ ಹೇಡಿ ಎಂದು ಎಲ್ಲರೂ ಅಂದುಕೊಂಡಿದ್ದ ಪ್ರಾಣಿ ತನ್ನ ಆಹಾರದ ಬಹುಪಾಲನ್ನು ತಾನೇ ಬೇಟೆಯಾಡುತ್ತಿತ್ತು. ಎರಡೂ ಪ್ರಾಣಿಗಳು ಒಂದೇ ಹೆಣದ ಬಳಿ ಕಂಡರೆ, ಈ ಕುಳಿಯಲ್ಲಿ ಹೆಚ್ಚಿನ ಬಾರಿ ಕೊಂದದ್ದು ಕತ್ತೆಕಿರುಬವೇ ಆಗಿತ್ತು. ಅರವತ್ತು ವರ್ಷದ ಹಿಂದೆ ತೀರ್ಮಾನವಾದ ವಿಷಯ. ನಮ್ಮ ತಲೆಗೆ ಮಾತ್ರ ಇನ್ನೂ ಇಳಿದಿಲ್ಲ, ಏಕೆಂದರೆ ನಾವು ನೋಡುವುದು ಯಾವಾಗಲೂ ಬೆಳಗ್ಗೆ ಏಳಕ್ಕೆ.

ನಾನು ಲೆಕ್ಕದವನು. ಒಂದು ದಿನದ ಬಾಕಿ ನೋಡಿ ವರ್ಷದ ವ್ಯವಹಾರ ಹೇಳಬಾರದು ಎಂದು ಹುಡುಗರಿಗೆ ದಿನವೂ ಹೇಳುವವನು. ಅದನ್ನೇ ನಾನು ಮಾಡಿದ್ದೆ. ಆ ನಾಚಿಕೆಗೇ ಈ ಪ್ರಾಣಿಯ ಹಿಂದೆ ಬಿದ್ದೆ.

ಹಾಗೆಂದು ಖಾತೆಯನ್ನು ಪೂರ್ತಿ ತಿರುಗಿಸಿ, ಸಿಂಹವೇ ಕಳ್ಳ, ಕತ್ತೆಕಿರುಬ ಸಾಧು ಎಂದು ಬರೆದರೂ ಮೊದಲಿನಷ್ಟೇ ತಪ್ಪಾಗುತ್ತದೆ. ಅದನ್ನು ನೋಡಿದ್ದು ಎಂಡುಟುವಿನಲ್ಲಿ.

ಸೆರೆಂಗೆಟಿಯ ದಕ್ಷಿಣದ ಅಂಚಿನಲ್ಲಿರುವ ಎಂಡುಟುವಿಗೆ ಫೆಬ್ರುವರಿಯಲ್ಲಿ ಹೋಗಿದ್ದೆ. ವಿಲ್ಡೆಬೀಸ್ಟ್‌ಗಳು ಲಕ್ಷಗಟ್ಟಲೆ ಬಂದು ಮರಿ ಹಾಕುವ ಕಾಲ. ಸಂಜೆ ಐದರ ಸುಮಾರಿಗೆ ಮೂರು ಹೆಣ್ಣು ಸಿಂಹಗಳು ಒಂದು ಜೀಬ್ರಾವನ್ನು ನಮ್ಮ ಕಣ್ಣೆದುರೇ ಬೀಳಿಸಿದವು. ಈ ಸಲ ಕೊಂದದ್ದು ಯಾರು ಎಂಬ ಪ್ರಶ್ನೆ ಇರಲಿಲ್ಲ. ಕಾಲು ಗಂಟೆಯಲ್ಲಿ ಒಂದು ಕತ್ತೆಕಿರುಬ ಬಂತು. ನೂರು ಮೀಟರ್ ದೂರದಲ್ಲಿ ನಿಂತು ಮೂಗು ಎತ್ತಿತು, ತಲೆಯನ್ನು ನೆಲದ ಹತ್ತಿರ ತಂದು ಕೂಗಿತು. ಕೆಳಗಿನ ಸ್ವರದಲ್ಲಿ ಶುರುವಾಗಿ ಕೊನೆಗೆ ಚಂಗನೆ ಮೇಲಕ್ಕೆ ನೆಗೆಯುವ ‘ಊ...ವುಪ್’. ಮತ್ತೆ, ಮತ್ತೆ. ಈ ಕೂಗು ಐದು ಕಿಲೋಮೀಟರ್‌ವರೆಗೂ ಕೇಳುತ್ತದಂತೆ. ಕೇಳಿದವರಿಗೆ ಕೂಗಿದ್ದು ಯಾರು ಎಂಬುದೂ ತಿಳಿಯುತ್ತದೆ, ನಮಗೆ ಫೋನಿನಲ್ಲಿ ದನಿಯಿಂದಲೇ ತಿಳಿಯುವ ಹಾಗೆ.

ಐದಾದವು. ಹುಲ್ಲಿನಲ್ಲಿ ಕುಳಿತವು. ಒಂಬತ್ತಾದವು. ಆಗಲೂ ಕುಳಿತೇ ಇದ್ದವು. ಒಂದು ಸಿಂಹಿಣಿ ತಲೆ ಎತ್ತಿ ಎರಡು ಹೆಜ್ಜೆ ಬಂದರೆ ಎಲ್ಲವೂ ಹತ್ತು ಹೆಜ್ಜೆ ಹಿಂದೆ. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹನ್ನೊಂದು. ಹದಿಮೂರು. ಹದಿನಾಲ್ಕನೆಯದು ಬಂದದ್ದೇ ಏನೋ ಬದಲಾಯಿತು. ಬಾಲಗಳು ಬೆನ್ನಿನ ಮೇಲೆ ಕುಂಚದ ಹಾಗೆ ನಿಂತವು, ಕಿವಿಗಳು ಮುಂದಕ್ಕಾದವು, ಭುಜಕ್ಕೆ ಭುಜ ತಾಗಿಸಿ ಒಂದು ಗೋಡೆಯ ಹಾಗೆ ಮುಂದೆ ನಡೆದವು. ಬಾಯಿಯಿಂದ ಹಸು ಗುಟುರು ಹಾಕಿದಂಥ ದನಿ. ಸಿಂಹಿಣಿಗಳು ಒಮ್ಮೆ ಗರ್ಜಿಸಿದವು, ಒಂದು ಎಗರಿ ಬಂತು. ಎದುರಿನವು ಸರಿದವು, ಪಕ್ಕದವು ಅದರ ಹಿಂಗಾಲಿಗೆ ಬಾಯಿ ಹಾಕಿದವು. ಮೂರು ನಿಮಿಷ. ಅಷ್ಟರಲ್ಲಿ ಮೂರೂ ಸಿಂಹಿಣಿಗಳು ಒಂದು ಅಕೇಶಿಯಾ ಮರದ ಕಡೆಗೆ, ತಮಗೆ ಹೇಗೂ ಅಲ್ಲಿಗೇ ಹೋಗಬೇಕಿತ್ತು ಎಂಬ ಗತ್ತಿನಲ್ಲಿ ನಡೆದು ಹೋದವು.

ಆಮೇಲೆ ಮನೆಗೆ ಬಂದು ಓದಿದಾಗ ಹದಿನಾಲ್ಕರ ಗುಟ್ಟು ತಿಳಿಯಿತು. ಬೋಟ್ಸ್ವಾನಾದ ಚೋಬೆ ಪ್ರದೇಶದಲ್ಲಿ ಸೂಸನ್ ಕೂಪರ್ ಎಂಬ ಸಂಶೋಧಕಿ ಇದನ್ನೇ ಎಣಿಸಿ 1991ರಲ್ಲಿ ಬರೆದಿದ್ದಾರೆ. ಒಂದು ಸಿಂಹಿಣಿಗೆ ನಾಲ್ಕಕ್ಕಿಂತ ಹೆಚ್ಚು ಕತ್ತೆಕಿರುಬಗಳಿದ್ದರೆ, ಬೆಳೆದ ಗಂಡು ಸಿಂಹ ಅಲ್ಲಿಲ್ಲದಿದ್ದರೆ, ಊಟ ಕೈ ಬದಲಾಗುತ್ತದೆ. ಮೂರು ನಾಲ್ಕಲೆ ಹನ್ನೆರಡು, ಅದಕ್ಕಿಂತ ಎರಡು ಹೆಚ್ಚು. ನಾನು ನೋಡಿದ್ದು ಒಂದೇ ಸಂಜೆ, ಅದು ಲೆಕ್ಕಕ್ಕೆ ಇಷ್ಟು ಸರಿಯಾಗಿ ಕುಳಿತದ್ದು ನನ್ನ ಅದೃಷ್ಟವಿರಬಹುದು. ಆದರೆ ಕತ್ತೆಕಿರುಬಗಳು ಎಣಿಸುತ್ತವೆ ಎಂಬುದು ಸುಳ್ಳಲ್ಲ. ಕೀನ್ಯಾದ ಮಸಾಯಿ ಮಾರಾದಲ್ಲಿ ಅಪರಿಚಿತ ಕತ್ತೆಕಿರುಬಗಳ ಕೂಗನ್ನು ಧ್ವನಿವರ್ಧಕದಲ್ಲಿ ಕೇಳಿಸಿ ನೋಡಿದ್ದಾರೆ. ಒಂದೇ ದನಿ ಕೇಳಿದಾಗಿನ ಎಚ್ಚರ ಬೇರೆ, ಮೂರು ದನಿ ಕೇಳಿದಾಗಿನ ಎಚ್ಚರ ಬೇರೆ.

ಷರತ್ತಿನ ಎರಡನೆಯ ಭಾಗವನ್ನು ಆ ಸಂಜೆಯೇ ನೋಡಿದೆ. ಹದಿನಾಲ್ಕೂ ಜೀಬ್ರಾದ ಮೇಲೆ ಬಿದ್ದು ಇಪ್ಪತ್ತು ನಿಮಿಷವಾಗಿರಬಹುದು. ಮೂಳೆ ಮುರಿಯುವ ಸದ್ದು ನಮ್ಮ ಗಾಡಿಯವರೆಗೆ ಬರುತ್ತಿತ್ತು, ಒಣ ಕಟ್ಟಿಗೆಯನ್ನು ಮೊಣಕಾಲಿಗೆ ಹಾಕಿ ಮುರಿದಂತೆ. ಜೊತೆಗೆ ಆ ಪ್ರಸಿದ್ಧ ‘ನಗು’. ಅದು ನಗು ಅಲ್ಲವೇ ಅಲ್ಲ. ಮೇಲಿನವರಿಂದ ಪೆಟ್ಟು ತಿಂದ, ಪಾಲು ಸಿಗದೆ ಚಡಪಡಿಸುವ ಕೆಳಗಿನವರ ಕೀರಲು. ಈ ಗದ್ದಲವೇ ಅವುಗಳ ದೌರ್ಬಲ್ಯ, ದೂರದ ಸಿಂಹಕ್ಕೆ ಅದು ಊಟದ ಗಂಟೆ ಬಾರಿಸಿದ ಹಾಗೆ. ಗಂಡು ಸಿಂಹ ಗರ್ಜಿಸಲಿಲ್ಲ, ಕೇಸರ ಕೊಡವಲಿಲ್ಲ. ಪೊದೆಯ ಹಿಂದಿನಿಂದ ನೇರ ಓಡಿಬಂತು. ಹದಿಮೂರು ಚದುರಿದವು. ತಲೆಯನ್ನು ಜೀಬ್ರಾದ ಪಕ್ಕೆಗೂಡಿನೊಳಗೆ ತೂರಿಸಿದ್ದ ಒಂದು ಎಳೆಯದಕ್ಕೆ ತಡವಾಯಿತು. ಸಿಂಹ ಅದರ ಬೆನ್ನನ್ನು ಕಚ್ಚಿ ಎತ್ತಿ ಒಮ್ಮೆ ಒದರಿ ಬಿಟ್ಟಿತು. ತಿನ್ನಲಿಲ್ಲ, ಮೂಸಲೂ ಇಲ್ಲ. ಅದು ಮುಂಗಾಲುಗಳ ಮೇಲೆ ಸ್ವಲ್ಪ ದೂರ ತೆವಳಿತು. ನಮ್ಮ ಜೊತೆಗಿದ್ದವರಲ್ಲಿ ಒಬ್ಬರು ಕ್ಯಾಮೆರಾ ಕೆಳಗಿಟ್ಟರು. ನಾವು ಹೊರಡುವಾಗ ಅದಿನ್ನೂ ಉಸಿರಾಡುತ್ತಿತ್ತು.

ಹೆಣ್ಣು ಕತ್ತೆಕಿರುಬ ಅರವತ್ತು ಎಪ್ಪತ್ತು ಕಿಲೋ ತೂಗಿದರೆ ಹೆಚ್ಚು, ಗಂಡು ಅದಕ್ಕಿಂತಲೂ ಸಣ್ಣದು. ಗಂಡು ಸಿಂಹ ಅದರ ಮೂರರಷ್ಟು. ಎಂಥ ಸಂಖ್ಯಾಬಲಕ್ಕೂ ಈ ತೂಕವನ್ನು ಎದುರಿಸುವುದು ಸುಲಭವಲ್ಲ. 1988ರಿಂದ ಮಾರಾದ ಕತ್ತೆಕಿರುಬಗಳನ್ನು ತಲೆಮಾರಿನಿಂದ ತಲೆಮಾರಿಗೆ ಅನುಸರಿಸುತ್ತಿರುವ ಕೇ ಹೋಲ್‌ಕ್ಯಾಂಪ್ ಅವರ ತಂಡ ಹೇಳುವಂತೆ, ಅಲ್ಲಿ ಕತ್ತೆಕಿರುಬಗಳ ಸಾವಿಗೆ ದೊಡ್ಡ ಕಾರಣಗಳಲ್ಲಿ ಸಿಂಹವೂ ಒಂದು. ಅದೇ ಮಾರಾದಿಂದ 2021ರಲ್ಲಿ ಬಂದ ಇನ್ನೊಂದು ಸಂಗತಿಯನ್ನು ಓದಿ ಒಂದು ರಾತ್ರಿ ನಿದ್ದೆ ಬರಲಿಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ತಗುಲಿದ ಮರಿಗಳು ಉಳಿದ ಮರಿಗಳಿಗಿಂತ ಸಿಂಹದ ಹೆಚ್ಚು ಹತ್ತಿರಕ್ಕೆ ಹೋಗುತ್ತವೆ, ಸಿಂಹದ ಬಾಯಲ್ಲಿ ಸಾಯುವುದೂ ಹೆಚ್ಚು. ಆ ಪರಾವಲಂಬಿ ತನ್ನ ಜೀವನಚಕ್ರ ಮುಗಿಸಬೇಕಾದರೆ ಬೆಕ್ಕಿನ ಜಾತಿಯ ಹೊಟ್ಟೆಯನ್ನೇ ಸೇರಬೇಕು. ಅಂದರೆ ಈ ಜಗಳದಲ್ಲಿ ಕಣ್ಣಿಗೆ ಕಾಣದ ಮೂರನೆಯವರ ಕೈವಾಡವೂ ಇದೆ.

ಕುಳಿಯ ಖಾತೆಯನ್ನು ದೀರ್ಘಕಾಲಕ್ಕೆ ನೋಡಿದರೆ ಎರಡೂ ಕಡೆ ಏರಿಳಿತ. 1962ರಲ್ಲಿ ಕಚ್ಚುವ ನೊಣಗಳ ಹಾವಳಿ ಎದ್ದು ಸಿಂಹಗಳು ಮೈಯೆಲ್ಲ ಹುಣ್ಣಾಗಿ ಸತ್ತವು, ಹತ್ತು ಹದಿನೈದು ಮಾತ್ರ ಉಳಿದವು. ಆಮೇಲೆ ಚೇತರಿಸಿಕೊಂಡವು. ಕ್ರೂಕ್ ಕಾಲದಲ್ಲಿ ಬೆಳೆದ ಕತ್ತೆಕಿರುಬಗಳು 385. 1996ರಲ್ಲಿ ಜರ್ಮನಿಯ ಸಂಶೋಧಕರು ಎಣಿಸಲು ಶುರುಮಾಡಿದಾಗ 117. ಬೇಟೆಯ ಪ್ರಾಣಿಗಳು ಕಡಿಮೆಯಾದದ್ದು ಮುಖ್ಯ ಕಾರಣ. ಬೇಟೆ ಹೆಚ್ಚಿದ ಮೇಲೆ ಅವೂ ಹೆಚ್ಚಿದವು. ಸಿಂಹದಿಂದ ಎಷ್ಟೇ ಒದೆ ತಿಂದರೂ ಕೊನೆಗೆ ಇವುಗಳ ಸಂಖ್ಯೆ ನಿರ್ಧರಿಸಿದ್ದು ಹುಲ್ಲು ಮೇಯುವವರ ಸಂಖ್ಯೆಯೇ ಎಂಬುದು ನನಗೆ ಬಹಳ ಕುತೂಹಲದ ವಿಷಯ.

ಸಿಂಹ ಬಿಟ್ಟು ಉಳಿದವರ ಮುಂದೆ ಕತ್ತೆಕಿರುಬದ ನಡಿಗೆಯೇ ಬೇರೆ. ಎಂಡುಟುವಿನಲ್ಲಿ ಮರುದಿನ ಬೆಳಗ್ಗೆ ಒಂದು ಚೀತಾ ಸಣ್ಣ ಜಿಂಕೆಯನ್ನು ಹಿಡಿದು, ಓಟದ ದಣಿವಿಗೆ ಪಕ್ಕೆ ಎದ್ದು ಬೀಳುತ್ತಾ ಅದರ ಪಕ್ಕದಲ್ಲೇ ಕುಳಿತಿತ್ತು. ಒಂದೇ ಒಂದು ಕತ್ತೆಕಿರುಬ, ಓಡುತ್ತಲೂ ಅಲ್ಲ, ಸಾಲ ವಸೂಲಿಗೆ ಬಂದವರ ಹಾಗೆ ನಿಧಾನ ನಡೆದುಬಂತು. ಚೀತಾ ಒಮ್ಮೆ ಹಲ್ಲು ತೋರಿಸಿ ಎದ್ದು ಹೋಯಿತು. ಕಾದಾಡಿ ಕಾಲಿಗೆ ಪೆಟ್ಟಾದರೆ ನಾಳೆಯ ಓಟವಿಲ್ಲ, ಓಟವಿಲ್ಲದೆ ಊಟವಿಲ್ಲ. ಬಿಟ್ಟು ಹೋಗುವುದೇ ಅದಕ್ಕೆ ಲಾಭ. ಚಿರತೆಯ ಉಪಾಯ ಮರ. ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್‌ನಲ್ಲಿ ಚಿರತೆಗಳು ಕೊಂದದ್ದರಲ್ಲಿ ಐದರಲ್ಲಿ ಒಂದನ್ನು ಬೇರೆಯವರಿಗೆ ಕಳೆದುಕೊಳ್ಳುತ್ತವೆ, ಕಸಿಯುವವರಲ್ಲಿ ಮೊದಲ ಹೆಸರು ಕತ್ತೆಕಿರುಬದ್ದೇ. ತನ್ನಷ್ಟೇ ತೂಕದ ಹೆಣವನ್ನು ಹಲ್ಲಿನಲ್ಲಿ ಕಚ್ಚಿ ಕೊಂಬೆಗೆ ಏರಿಸುವ ಆ ಸರ್ಕಸ್ಸಿನ ಹಿಂದೆ ಕೆಳಗೆ ಕಾಯುತ್ತಿರುವ ಈ ಮೂತಿ ಇದೆ. ಕಾಡುನಾಯಿಗಳನ್ನು ನಾನಿನ್ನೂ ನೋಡಿಲ್ಲ. ಅವು ಬಯಲಿನಲ್ಲಿ ಬೇಟೆಯಾಡಿದರೆ ಕತ್ತೆಕಿರುಬಗಳು ಹಿಂದೆಯೇ ಬರುತ್ತವೆ, ಗುಂಪು ದೊಡ್ಡದಿದ್ದರಷ್ಟೇ ನಾಯಿಗಳಿಗೆ ಊಟ ದಕ್ಕುತ್ತದೆ.

ಎಲ್ಲ ಕಸಿಯುವಿಕೆಯೂ ಮುಗಿದ ಮೇಲೆ ಕತ್ತೆಕಿರುಬದ ಪಾಲಿಗೆ ಒಂದು ಖಾತೆ ಉಳಿಯುತ್ತದೆ, ಅದಕ್ಕೆ ಪೈಪೋಟಿಯೇ ಇಲ್ಲ: ಮೂಳೆ. ಸಿಂಹ ಬಿಟ್ಟುಹೋದ ತೊಡೆಯೆಲುಬನ್ನು ಒಡೆದು, ಮಜ್ಜೆ ತಿಂದು, ಎಲುಬನ್ನೂ ಅರಗಿಸಿಕೊಳ್ಳುತ್ತದೆ. ದಾರಿಯ ಬದಿಯಲ್ಲಿ ಸುಣ್ಣದ ಉಂಡೆಗಳ ಹಾಗೆ ಬೆಳ್ಳಗೆ ಬಿದ್ದಿರುತ್ತದೆ ಅದರ ಹಿಕ್ಕೆ. ನಾನು ಮೊದಲು ಯಾರೋ ಗಡಿ ಗುರುತಿಗೆ ಸುಣ್ಣ ಚೆಲ್ಲಿದ್ದಾರೆ ಎಂದುಕೊಂಡಿದ್ದೆ.

ಕಸಿಯುವ ವಿಷಯ ಬಂದದ್ದರಿಂದ ನನ್ನದೊಂದು ನಷ್ಟವನ್ನೂ ದಾಖಲಿಸುತ್ತೇನೆ. ಕುಳಿಯ ತಳದ ಕೊಳದ ದಂಡೆಯಲ್ಲಿ ಗಾಡಿಯಿಂದ ಇಳಿದು ಬುತ್ತಿ ಬಿಚ್ಚಲು ಅವಕಾಶವಿದೆ. ಇಲ್ಲಿ ಜೋಳಕ್ಕೆ ‘ಮ್ತಾಮಾ’ ಎನ್ನುತ್ತಾರೆ. ಅದನ್ನೇ ಬೀಸಿಸಿ ಬಡಿದ ರೊಟ್ಟಿ, ಊರಿನಿಂದ ತರಿಸಿದ ಶೇಂಗಾ ಚಟ್ನಿ. ಬಾಯಿಯವರೆಗೆ ಬಂದ ತುತ್ತನ್ನು ಹಿಂದಿನಿಂದ ಬಂದ ಹದ್ದು ಬೆರಳಿಗೆ ಉಗುರು ತಾಗಿಸಿ ಒಯ್ದಿತು. ಚಾಲಕ ಗಾಡಿಯೊಳಗೇ ಕುಳಿತು ತಿನ್ನು ಎಂದು ಮೊದಲೇ ಹೇಳಿದ್ದ. ನೆಲದಲ್ಲಿ ಬಿದ್ದ ಚಟ್ನಿ ನೋಡುತ್ತಾ ನನಗೆ ಆ ಎಂಟರ ಮುಖ ನೆನಪಾಯಿತು.

ನಮ್ಮ ಊರಿನ ಕತ್ತೆಕಿರುಬ ಬೇರೆ ಜಾತಿ. ಮೈಮೇಲೆ ಚುಕ್ಕೆಯಲ್ಲ, ಪಟ್ಟೆ. ಚೂಪು ಕಿವಿ, ಬೆನ್ನಿನುದ್ದಕ್ಕೂ ಎದ್ದು ನಿಲ್ಲುವ ಕೂದಲು. ಗುಂಪು ಕಟ್ಟಿಕೊಂಡು ಬೇಟೆಗೆ ಹೋಗುವುದಿಲ್ಲ, ಕೂಗಾಟವಿಲ್ಲ. ಬಂಡೆಗಳ ಸಂದಿಯಲ್ಲಿ ಹಗಲು ಕಳೆದು ಕತ್ತಲಾದ ಮೇಲೆ ಒಂಟಿಯಾಗಿ ಹೊರಡುತ್ತದೆ. ಹದಿನಾಲ್ಕು ಕೂಡಿಸಿ ಯಾರನ್ನೂ ಓಡಿಸುವ ಬಲ ಇದಕ್ಕಿಲ್ಲ. ಅಜ್ಜನಿಗೆ ಕುರಿ ಇದ್ದವು. ತೋಳ ಮರಿ ಒಯ್ದರೆ ಮರುದಿನ ಹುಡುಕಿಕೊಂಡು ಹೋಗುತ್ತಿದ್ದ. ಮಾಂಸ ತಿಂದದ್ದು ತೋಳ, ಎಲುಬು ಒಯ್ದದ್ದು ಕತ್ತೆಕಿರುಬ, ಇಬ್ಬರೂ ಸಾಲಾಗಿ ಬರುತ್ತಾರೆ ಎನ್ನುತ್ತಿದ್ದ. ನಾನು ಅದನ್ನು ಕಥೆ ಎಂದೇ ತಿಳಿದಿದ್ದೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ತೋಳಗಳ ಗುಂಪಿನ ನಡುವೆಯೇ ಒಂದು ಪಟ್ಟೆ ಕತ್ತೆಕಿರುಬ ಜಗಳವಿಲ್ಲದೆ ನಡೆದುಹೋಗುವುದನ್ನು ಕಂಡವರು 2016ರಲ್ಲಿ ಬರೆದದ್ದನ್ನು ಓದುವಾಗ ಅಜ್ಜ ಇರಬೇಕಿತ್ತು ಅನ್ನಿಸಿತು. ಈಗ ನಮ್ಮ ಕಡೆ ಅದು ಕೋಳಿ ಫಾರಂಗಳ ಹಿಂದೆ ಎಸೆದ ಸತ್ತ ಕೋಳಿಗೆ ಬರುತ್ತದೆ. ಅಲ್ಲಿ ಅದಕ್ಕೆ ಎದುರಾಗುವುದು ಸಿಂಹವೂ ಅಲ್ಲ, ಚಿರತೆಯೂ ಅಲ್ಲ, ಊರನಾಯಿಗಳ ಹಿಂಡು.

ಮೊನ್ನೆ ಹಳೆಯ ಫೋನಿನಿಂದ ಚಿತ್ರಗಳನ್ನು ಸಾಗಿಸುವಾಗ ಆ ಫೋಟೊ ಮತ್ತೆ ಕಣ್ಣಿಗೆ ಬಿತ್ತು. ಎರಡು ಬೆರಳಿನಿಂದ ದೊಡ್ಡದು ಮಾಡಿದೆ. ಎಡಗಡೆ ಕುಳಿತದ್ದರ ಕಿವಿಯಿಂದ ಭುಜದವರೆಗೆ ಕಂದು ಬಣ್ಣ, ಅದರ ಪಕ್ಕದ್ದರದೂ ಹಾಗೆಯೇ. ದುರ್ಬೀನೇ ಬೇಕಿರಲಿಲ್ಲ. ಹೊಸ ಸಾಲು ಹಾಕಿ ಗುಂಪಿಗೆ ಮತ್ತೆ ಕಳಿಸಿದ್ದೇನೆ. ಚಿಕ್ಕಪ್ಪ ಇನ್ನೂ ನೋಡಿಲ್ಲ. ಅಣ್ಣ ‘ಊಟ ಆಯಿತಾ’ ಎಂದು ಕೇಳಿದ್ದಾನೆ.